ಚಿನ್ನದ ನೀರಿನ ರೇಜರು

ಹಳೆಯ ಸೇಫ್ಟಿ ರೇಜರುಗಳನ್ನು ಕೂಡಿಹಾಕುವ ಹುಚ್ಚು ನನಗೆ ಹತ್ತಿದುದು ಬಂಗಾರಪೇಟೆಯ ಒಂದು ಗುಜರಿ ಅಂಗಡಿಯಲ್ಲಿ. ಹಿಂದೆ ಬೌರಿಂಗ್ ಸಾಹೇಬನ ಹೆಸರು ಹೊತ್ತು ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಈ ಊರಿನಿಂದಲೇ ಚಿನ್ನದ ಗಣಿಗೆ ರೈಲು ಕವಲೊಡೆಯುತ್ತದೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಊರು ಬಿಟ್ಟವರ ಮನೆಯ ಸಾಮಾನುಗಳಲ್ಲಿ ಕೆಲವು ಈ ಅಂಗಡಿಗೂ ಬಂದಿದ್ದವು. ಹಿತ್ತಾಳೆಯ ರಾಶಿಯೊಳಗೆ ಒಂದು ಜಿಲೆಟ್ ರೇಜರು ಕಿಲುಬು ಹಿಡಿದು ಕುಳಿತಿತ್ತು.

"ಚಿನ್ನದ ನೀರು ಕೊಟ್ಟದ್ದು ಸ್ವಾಮಿ, ಆದರೂ ಹಿತ್ತಾಳೆ ತೂಕಕ್ಕೇ ಕೊಡ್ತೀನಿ" ಎಂದನು ಅಂಗಡಿಯವನು.

ಈ ವಸ್ತುವಿನ ವಂಶಾವಳಿ ಸ್ವಾರಸ್ಯವಾದುದು. ಮಸೆಯುವ ಗೊಡವೆಯಿಲ್ಲದೆ, ಮೊಂಡಾದರೆ ಎಸೆದುಬಿಡಬಹುದಾದ ತೆಳು ಬ್ಲೇಡಿನ ಕನಸು ಕಂಡವನು ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್. ಅಷ್ಟು ತೆಳುವಾದ ಉಕ್ಕನ್ನು ಹದಗೊಳಿಸಿ ಮಸೆಯುವ ಬಗೆಯನ್ನು ಕಂಡುಹಿಡಿದವನು ನಿಕರ್ಸನ್ ಎಂಬ ಇಂಜಿನಿಯರು. 1903ರಲ್ಲಿ ಮಾರಾಟವಾದುದು 51 ರೇಜರು, 168 ಬ್ಲೇಡು ಮಾತ್ರ! 1904ರಲ್ಲಿ ಪೇಟೆಂಟು ದೊರೆಯಿತು. ಮೊದಲನೆಯ ಮಹಾಯುದ್ಧದಲ್ಲಿ ರೇಜರು ಅಮೆರಿಕದ ಸಿಪಾಯಿಗಳ ಚೀಲ ಸೇರಿತು. ಅಲ್ಲಿಂದ ಮುಂದೆ ಮನೆಯಲ್ಲೇ ಕ್ಷೌರ ಮಾಡಿಕೊಳ್ಳುವುದು ಗಂಡಸರಿಗೆ ರೂಢಿಯಾಯಿತು.

ರೇಜರನ್ನು ಮನೆಗೆ ತಂದವನೇ, ಪೂಜೆಯ ಪಾತ್ರೆ ಬೆಳಗುವಂತೆ ಹುಣಸೆಹಣ್ಣು, ಬೂದಿ ಹಾಕಿ ಚೆನ್ನಾಗಿ ತಿಕ್ಕಿದೆನು. ಫಳಫಳನೆ ಹೊಳೆಯಿತು. ಆದರೆ ಅದು ಹಿತ್ತಾಳೆಯ ಹೊಳಪು! ಚಿನ್ನವೆಲ್ಲ ಬಚ್ಚಲ ಪಾಲಾಗಿತ್ತು. ಅದಕ್ಕಿಂತ ಮಿಗಿಲಾದ ನಷ್ಟ ಮತ್ತೊಂದಿತ್ತು. ತಂದಾಗ ಹಿಡಿಯ ಮೇಲೆ ಒಂದೇ ಕಡೆ ಲೇಪ ಸವೆದಿತ್ತು. ಯಾರೋ ಒಬ್ಬರ ಹೆಬ್ಬೆರಳು ವರ್ಷಗಟ್ಟಲೆ ಬೆಳಗಿನ ಹೊತ್ತು ಕೂತ ಜಾಗ ಅದು. ಎಲ್ಲವೂ ಒಂದೇ ಬಣ್ಣವಾದ ಮೇಲೆ ಆ ಗುರುತೂ ಅಳಿಸಿಹೋಯಿತು.

ಗಣಿಯೂರಿಗೆ ಹೋದಾಗಲೆಲ್ಲ ಅಲ್ಲಿನ ಸಯನೈಡ್ ದಿಬ್ಬಗಳು ಇದನ್ನು ನೆನಪಿಗೆ ತರುತ್ತವೆ. ಚಾಂಪಿಯನ್ ರೀಫಿನಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಜನ ಕಲ್ಲು ತಂದರು. ಅದನ್ನು ಪುಡಿಮಾಡಿ, ಸಯನೈಡಿನ ನೀರಿನಲ್ಲಿ ಚಿನ್ನವನ್ನು ಕರಗಿಸಿ ತೆಗೆದರು. ವಿದ್ಯುತ್ತಿನಿಂದ ಚಿನ್ನದ ಲೇಪ ಕೊಡುವ ತೊಟ್ಟಿಯಲ್ಲಿಯೂ ಬಳಸುತ್ತಿದ್ದುದು ಸಯನೈಡನ್ನೇ. ಕಲ್ಲಿನಿಂದ ಚಿನ್ನವನ್ನು ಬಿಡಿಸಿದ ವಿಷವೇ ಹಿತ್ತಾಳೆಗೆ ಅದನ್ನು ಅಂಟಿಸಿತು. ಇಲ್ಲಿ ಅಗೆದ ಚಿನ್ನ ಊರು ಬಿಟ್ಟು ಹೋಯಿತು. ಯಾವ ಗಣಿಯದೋ ಎಳ್ಳಷ್ಟು ಚಿನ್ನ ರೇಜರಿನ ಮೇಲೆ ಈ ಸೀಮೆಗೆ ಬಂದಿದ್ದರೆ, ಅದನ್ನು ತೊಳೆದು ಕಳೆದವನು ನಾನು.

ಅಂದಿನಿಂದ ನನ್ನ ಕ್ರಮ ಬೇರೆಯಾಗಿದೆ. ಬಿಸಿ ಆರಿದ ಸೋಪುನೀರು, ಹಳೆಯ ಹಲ್ಲುಜ್ಜುವ ಬ್ರಷ್ಷು, ಮೆತ್ತನೆಯ ಬಟ್ಟೆ, ಇಷ್ಟೇ ಸಾಕು. ಸೋಪಿನ ಜಿಡ್ಡು, ಕಿಲುಬು ಬಿಟ್ಟರೆ ಅಲ್ಲಿಗೆ ಕೈ ನಿಲ್ಲಿಸುತ್ತೇನೆ. ಸವೆದ ಜಾಗವನ್ನು ಮುಟ್ಟುವುದಿಲ್ಲ. ಈಗ ಪೆಟ್ಟಿಗೆಯಲ್ಲಿ ಹಲವು ರೇಜರುಗಳಿವೆ. ಆದರೂ ಭಾನುವಾರದ ಕ್ಷೌರಕ್ಕೆ ನಾನು ಎತ್ತಿಕೊಳ್ಳುವುದು ಆ ಮೊದಲನೆಯದನ್ನೇ. ಅದರ ಹಲ್ಲುಗಳ ಸಂದಿಯಲ್ಲಿ ನನ್ನ ಬೂದಿ ತಲುಪದ ಒಂದು ಗೆರೆ ಚಿನ್ನ ಇನ್ನೂ ಉಳಿದಿದೆ.