ಭೋಗ್ಯದ ಮನೆಯ ಕಥೆ

ಬೆಂಗಳೂರಿನ ಹಳೇ ಬಡಾವಣೆಗಳ ಅಡ್ಡರಸ್ತೆಗಳಲ್ಲಿ ಓಡಾಡಿದವರೆಲ್ಲ ನೋಡಿರುತ್ತೀರಿ, ಗೇಟಿಗೆ ತಂತಿಯಲ್ಲಿ ಕಟ್ಟಿದ 'ಮನೆ ಲೀಸಿಗೆ ಇದೆ' ಅನ್ನೋ ಬೋರ್ಡು. ಹೊರ ರಾಜ್ಯದಿಂದ ಬಂದವರಿಗೆ ಇದು ಅರ್ಥವಾಗೋದೇ ಇಲ್ಲ. ಲೀಸು ಅಂದರೆ ಬಾಡಿಗೆ ತಾನೇ ಅಂತಾರೆ. ಅಲ್ಲ ಸ್ವಾಮಿ! ಒಂದಷ್ಟು ಲಕ್ಷ ಒಟ್ಟಿಗೆ ಕೊಡಿ, ಎರಡೋ ಮೂರೋ ವರ್ಷ ಬಾಡಿಗೆ ಇಲ್ಲದೆ ಇರಿ, ಖಾಲಿ ಮಾಡುವಾಗ ಅಷ್ಟೂ ದುಡ್ಡು ವಾಪಸ್ ತಗೊಳ್ಳಿ. ಮಾಲೀಕನಿಗೆ ದುಡ್ಡಿನ ಬಡ್ಡಿ, ನಿಮಗೆ ಮನೆಯ ಬಾಡಿಗೆ, ಅದಕ್ಕಿದು ವಜಾ. ಹಳಬರು ಇದನ್ನು ಲೀಸು ಅನ್ನೋದಿಲ್ಲ, 'ಭೋಗ್ಯ' ಅಂತಾರೆ. ಹೆಸರು ಹೇಳುವಷ್ಟರಲ್ಲೇ ಇದರ ವಯಸ್ಸು ಗೊತ್ತಾಗುತ್ತದೆ.

ಎಷ್ಟು ಹಳೆಯದು ಅಂದರೆ, ಯಾಜ್ಞವಲ್ಕ್ಯ ಸ್ಮೃತಿಯಲ್ಲೇ ಇದೆ. ಅದಕ್ಕೆ 'ಮಿತಾಕ್ಷರ' ಅನ್ನೋ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ನಮ್ಮವನೇ, ಕಲ್ಯಾಣದಲ್ಲಿ ಆರನೇ ವಿಕ್ರಮಾದಿತ್ಯನ (1076-1126) ಕಾಲದಲ್ಲಿ ಇದ್ದವನು. ಸ್ಮೃತಿಕಾರರು ಅಡವನ್ನು ಎರಡು ಬಗೆ ಮಾಡುತ್ತಾರೆ. ಒಂದು ಗೋಪ್ಯ, ಅಂದರೆ ಜೋಪಾನವಾಗಿ ಇಟ್ಟುಕೊಳ್ಳಬೇಕಾದದ್ದು. ಇನ್ನೊಂದು ಭೋಗ್ಯ, ಅಂದರೆ ಸಾಲ ಕೊಟ್ಟವನು ಉಪಯೋಗಿಸಿಕೊಂಡು ಫಲ ತಿನ್ನಬಹುದಾದದ್ದು. ಗೋಪ್ಯವಾಗಿ ಇಟ್ಟ ಒಡವೆಯನ್ನು ಸಾಲ ಕೊಟ್ಟವನು ತೊಟ್ಟು ಮೆರೆದರೆ ಅವನಿಗೆ ಬಡ್ಡಿ ಇಲ್ಲ. ಇನ್ನೂ ಮುಖ್ಯವಾದದ್ದು ಒಂದಿದೆ. ಮಾಮೂಲಿ ಅಡ, ಸಾಲ ಎರಡರಷ್ಟಾದರೂ ಬಿಡಿಸಿಕೊಳ್ಳದಿದ್ದರೆ ಕೈತಪ್ಪುತ್ತದೆ. ಆದರೆ ಭೋಗ್ಯಕ್ಕೆ ಕೊಟ್ಟದ್ದು ಯಾವತ್ತೂ ಕೈತಪ್ಪುವುದಿಲ್ಲ. ಯಾಕೆಂದರೆ ಸಾಲ ಕೊಟ್ಟವನು ಫಲ ಉಣ್ಣುತ್ತಲೇ ಇದ್ದಾನಲ್ಲ, ಬಡ್ಡಿ ಬೆಳೆಯೋದಾದರೂ ಎಲ್ಲಿಂದ?

ಈಗ ನೇರವಾಗಿ 2014ಕ್ಕೆ ಹಾರೋಣ. ಭೋಗ್ಯಕ್ಕೆ ಕೊಟ್ಟ ಆಸ್ತಿಯನ್ನು ಬಿಡಿಸಿಕೊಳ್ಳಲು ಮೂವತ್ತು ವರ್ಷದ ಕಾಲಮಿತಿ ಇದೆಯೇ ಅನ್ನೋ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಭೋಗ್ಯ ಬರೆದ ದಿನದಿಂದ ಎಣಿಸಿ ಹಕ್ಕು ಹೋಯಿತು ಅನ್ನಲಾಗದು, ಸಾಲ ತೀರಿದಾಗ ಆಸ್ತಿ ವಾಪಸ್ ಪಡೆಯುವ ಹಕ್ಕು ಮಾಲೀಕನಿಗೆ ಇದ್ದೇ ಇರುತ್ತದೆ ಅಂತ ಕೋರ್ಟು ಹೇಳಿತು. ಆಧಾರ ಬೇರೆ, 1882ರ ಆಸ್ತಿ ವರ್ಗಾವಣೆ ಕಾಯ್ದೆಯ 62ನೇ ಕಲಂ. ಆದರೆ ಉತ್ತರ ಕಲ್ಯಾಣದ್ದೇ! ನನಗಂತೂ ಇದು ಓದಿದಾಗ ಬಹಳ ಖುಷಿಯಾಯ್ತು.

ಹಳ್ಳಿಯಲ್ಲಿ ಭೋಗ್ಯ ಅಂದರೆ ಗದ್ದೆ, ತೋಟ. ಮಗಳ ಮದುವೆಗೆ ಎರಡೆಕರೆ ಭೋಗ್ಯಕ್ಕೆ ಹಾಕೋದು, ಕೈಯಲ್ಲಿ ದುಡ್ಡಾದಾಗ ಬಿಡಿಸಿಕೊಳ್ಳೋದು. ಪೇಟೆಯಲ್ಲಿ ಅದು ಮನೆಗೆ ಅಂಟಿಕೊಳ್ಳಲು ಕಾರಣ ಸಾಲದ ಬರ. ಮನೆ ಕಟ್ಟಲು ಸಾಲ ಕೊಡುವುದನ್ನೇ ಕಸುಬು ಮಾಡಿಕೊಂಡ ಎಚ್‌ಡಿಎಫ್‌ಸಿಯನ್ನು ಹಸ್ಮುಖ್ ಪಾರೇಖ್ ಶುರು ಮಾಡಿದ್ದೇ 1977ರಲ್ಲಿ (2023ರ ಜುಲೈನಲ್ಲಿ ಅದು ತಾನೇ ಹುಟ್ಟಿಸಿದ ಬ್ಯಾಂಕಿನೊಳಗೆ ಸೇರಿಹೋಯಿತು). ನಮ್ಮ ಕೆನರಾ ಬ್ಯಾಂಕಿನ ಕ್ಯಾನ್ ಫಿನ್ ಹೋಮ್ಸ್ ಬಂದದ್ದು 1987ರಲ್ಲಿ. ಅದಕ್ಕೆ ಮುಂಚೆ ಪಿಎಫ್ ಮುಂಗಡ, ಎಲ್‌ಐಸಿ ಸಾಲ, ಚೀಟಿ, ಹೆಂಡತಿಯ ಬಳೆ. ಇವೆಲ್ಲ ಮುಗಿದು ಮೇಲಿನ ಮಹಡಿಗೆ ಗಾರೆ ಆಗದೆ ನಿಂತಾಗ ಕೆಳಗಿನ ಮನೆಯನ್ನು ಭೋಗ್ಯಕ್ಕೆ ಕೊಟ್ಟು ಆ ದುಡ್ಡಲ್ಲಿ ಮುಗಿಸೋದು. ಸಾಲ ಸಿಗತೊಡಗಿದ ಮೇಲೂ ಈ ಪದ್ಧತಿ ಸಾಯಲಿಲ್ಲ. ಭೋಗ್ಯದ ದುಡ್ಡಲ್ಲಿ ಬ್ಯಾಂಕಿನ ಸಾಲ ಚುಕ್ತಾ ಮಾಡೋದು ಶುರುವಾಯ್ತು. ಈಗ 'ರೀಫೈನಾನ್ಸ್' ಅಂತ ಟೈ ಕಟ್ಟಿಕೊಂಡವರು ಹೇಳುತ್ತಾರಲ್ಲ, ಅದರ ದೇಸಿ ಅವತಾರ ಇದು.

ಇದರ ಲೆಕ್ಕ ಸ್ವಲ್ಪ ನೋಡೋಣ. ತಿಂಗಳಿಗೆ 12,500 ರೂಪಾಯಿ ಬಾಡಿಗೆ ಬರುವ ಮನೆ ಅಂತಿಟ್ಟುಕೊಳ್ಳಿ. ಮಾಲೀಕನ ಸಾಲಕ್ಕೆ ಶೇ. 15 ಬಡ್ಡಿ ಇದ್ದರೆ 10 ಲಕ್ಷ ಭೋಗ್ಯ ಬಂದರೆ ಸಾಕು, ವರ್ಷಕ್ಕೆ ಒಂದೂವರೆ ಲಕ್ಷ ಬಡ್ಡಿ ಉಳಿದು ಬಾಡಿಗೆಗೆ ಸರಿಹೋಗುತ್ತದೆ. ಬಡ್ಡಿ ಶೇ. 7.5ಕ್ಕೆ ಇಳಿದರೆ? ಅದೇ ಮನೆಗೆ 20 ಲಕ್ಷ ಕೇಳಬೇಕು. 1990ರ ದಶಕದ ನಡುವೆ ಗೃಹಸಾಲದ ಬಡ್ಡಿ ಶೇ. 15ರ ಆಸುಪಾಸಿನಲ್ಲಿತ್ತು, 2004ರ ಹೊತ್ತಿಗೆ ಶೇ. 8ರ ಕೆಳಗೆ ಬಂದಿತ್ತು. ಬಡ್ಡಿ ಇಳಿದಾಗ ಭೋಗ್ಯದ ಮೊತ್ತ ಯಾಕೆ ಏರುತ್ತದೆ ಅನ್ನೋದು ಇಷ್ಟೇ. ಇನ್ನು ಒಕ್ಕಲಿದ್ದವನ ಕಡೆಯಿಂದ ನೋಡಿದರೆ, ಅವನ ದುಡ್ಡು ಎಫ್‌ಡಿಯಲ್ಲಿದ್ದರೆ ಸಾಲದ ಬಡ್ಡಿಗಿಂತ ಕಡಿಮೆಯೇ ಸಿಗುತ್ತಿತ್ತು, ಅದರ ಮೇಲೆ ತೆರಿಗೆ ಬೇರೆ. ಸಾಲದ ಬಡ್ಡಿಗೂ ಠೇವಣಿ ಬಡ್ಡಿಗೂ ಮಧ್ಯೆ ಬ್ಯಾಂಕು ತಿನ್ನುವ ಪಾಲನ್ನು ಇಬ್ಬರೂ ಹಂಚಿಕೊಳ್ಳುತ್ತಾರೆ ಅನ್ನಿ. ಕೊರಿಯಾದಲ್ಲೂ 'ಜೊನ್ಸೆ' ಅಂತ ಥೇಟ್ ಇದೇ ಪದ್ಧತಿ ಇದೆ.

ಇಷ್ಟು ಚೆಂದ ಇದ್ದಮೇಲೆ ತಕರಾರು ಎಲ್ಲಿ? ಕಾಗದದಲ್ಲಿ. 1882ರ ಕಾಯ್ದೆಯ ಪ್ರಕಾರ ಭೋಗ್ಯ ಒಂದು ಅಡಮಾನ. ನೂರು ರೂಪಾಯಿಯಿಂದ ಮೇಲಿನದಾದರೆ ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ ನೋಂದಣಿ ಆಗಲೇಬೇಕು. ಸ್ಟಾಂಪಿನ ಖರ್ಚು ಯಾರು ಕೊಡೋದು ಅಂತ ನಮ್ಮ ಜನ ಅದನ್ನು 'ಲೀಸ್ ಅಗ್ರಿಮೆಂಟ್' ಅಂತ ಛಾಪಾ ಕಾಗದದಲ್ಲಿ ಬರೆಸಿ, ನೋಟರಿ ಸೀಲು ಹಾಕಿಸಿ ಬೀರುವಿನಲ್ಲಿ ಇಡುತ್ತಾರೆ. ಒಂದು ವರ್ಷ ಮೀರಿದ ಲೀಸಿಗೂ ನೋಂದಣಿ ಬೇಕು ಅನ್ನೋದು 1908ರ ನೋಂದಣಿ ಕಾಯ್ದೆಯಲ್ಲಿದೆ. ಹೀಗೆ ಹತ್ತಿಪ್ಪತ್ತು ಲಕ್ಷ ಕೊಟ್ಟವನ ಕೈಯಲ್ಲಿ ಇರೋದು ಬರೀ ನಂಬಿಕೆ.

ಬ್ಯಾಂಕಿನದು ಬೇರೆ ದಾರಿ. ಮೂಲಪತ್ರಗಳನ್ನು ಒಪ್ಪಿಸಿದರೆ ಸಾಕು, ಅಡಮಾನ ಆಗಿಹೋಯಿತು. ಕಲ್ಕತ್ತೆ, ಮದರಾಸು, ಮುಂಬಯಿಯ ವ್ಯಾಪಾರಿಗಳಿಗೆ ಅನುಕೂಲವಾಗಲಿ ಅಂತ ಇಂಗ್ಲಿಷರ ಪದ್ಧತಿಯಿಂದ ತಂದದ್ದು ಇದು, ಆಮೇಲೆ ಬೇರೆ ಊರುಗಳಿಗೂ ಹಬ್ಬಿತು. ಬರೀ ಪತ್ರ ಇಟ್ಟ ಅಡಮಾನಕ್ಕೆ ನೋಂದಣಿ ಕಡ್ಡಾಯವಲ್ಲ, ಹಾಗಾಗಿ ಇಸಿ ತೆಗೆಸಿದರೆ ಅದು ಕಾಣಲೇಬೇಕೆಂದಿಲ್ಲ. 2011ರಲ್ಲಿ 'ಸರ್ಸೈ' ಅನ್ನೋ ಕೇಂದ್ರ ದಾಖಲೆ ಶುರುವಾದ ಮೇಲೆ ಸಣ್ಣ ಶುಲ್ಕ ಕಟ್ಟಿ ಯಾರು ಬೇಕಾದರೂ ಹುಡುಕಬಹುದು. ಇತ್ತ 2002ರ ಸರ್ಫೇಸಿ ಕಾಯ್ದೆ ಬಂದ ಮೇಲೆ ಸಾಲ ಕಟ್ಟದವನ ಮನೆಯನ್ನು ಸಿವಿಲ್ ದಾವೆ ಹೂಡದೆಯೇ ಬ್ಯಾಂಕು ವಶಕ್ಕೆ ತಗೊಳ್ಳಬಹುದು. ಬ್ಯಾಂಕಿಗೆ ಅಡವಿಟ್ಟ ಮೇಲೆ, ಅದರ ಒಪ್ಪಿಗೆ ಇಲ್ಲದೆ ಭೋಗ್ಯಕ್ಕೆ ಕೊಟ್ಟಿದ್ದರೆ ಒಳಗಿರುವ ಸಂಸಾರದ ಪಾಡು ನೀವೇ ಯೋಚಿಸಿ. ಭೋಗ್ಯದ ದುಡ್ಡಲ್ಲಿ ಸಾಲ ತೀರಿಸುತ್ತೇನೆ ಅಂದವನು ನಿಜವಾಗಿ ತೀರಿಸಿದನೋ, ಕಾರು ತಗೊಂಡನೋ, ಯಾರು ನೋಡಿದರು? ಹಣವನ್ನು ಸೀದಾ ಸಾಲದ ಖಾತೆಗೇ ಕಟ್ಟಿ, ಬ್ಯಾಂಕಿನಿಂದ ಬಾಕಿ ಇಲ್ಲವೆಂಬ ಪತ್ರ ನೋಡಿಯೇ ಒಳಗೆ ಹೋಗಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಮಾರುವವನಿಗೂ ಸುಖವಿಲ್ಲ. ಭೋಗ್ಯದ ದುಡ್ಡು ಖರ್ಚಾಗಿರುತ್ತದೆ, ಹೊಸಬ ಕೊಟ್ಟದ್ದನ್ನು ಹಳಬನಿಗೆ ಕೊಟ್ಟು ಕಳಿಸೋದು. ಹೊಸಬ ಸಿಗದಿದ್ದರೆ ಹಳಬ ಏಳೋದಿಲ್ಲ. ಕೊಳ್ಳುವವನು 'ನನಗೆ ಗೊತ್ತಿರಲಿಲ್ಲ' ಅಂದರೂ ನಡೆಯದು. ಮನೆಯಲ್ಲಿ ಯಾರಾದರೂ ವಾಸವಿದ್ದರೆ ಅವರ ಹಕ್ಕೇನು ಅಂತ ಕೊಳ್ಳುವವನಿಗೆ ಗೊತ್ತಿದೆ ಎಂದೇ ಕಾನೂನು ಭಾವಿಸುತ್ತದೆ. ಬರೀ ಇಸಿ ನೋಡಿದರೆ ಸಾಲದು, ಬಾಗಿಲು ತಟ್ಟಿ ಕೇಳಬೇಕು.

ಬ್ಯಾಂಕಿನ ಸಾಲ ಬದಲಾಯಿಸಿಕೊಳ್ಳೋದು ಈಚೆಗೆ ಸುಲಭವಾಗಿದೆ. ಫ್ಲೋಟಿಂಗ್ ಬಡ್ಡಿಯ ಗೃಹಸಾಲವನ್ನು ಮುಂಚೆ ತೀರಿಸಿದರೆ ಬ್ಯಾಂಕುಗಳು ದಂಡ ಹಾಕಬಾರದು ಅಂತ ರಿಸರ್ವ್ ಬ್ಯಾಂಕು 2012ರಲ್ಲಿ ಹೇಳಿತು. 2019ರ ಅಕ್ಟೋಬರಿನಿಂದ ಬ್ಯಾಂಕುಗಳ ಹೊಸ ಫ್ಲೋಟಿಂಗ್ ಸಾಲಗಳು ರೆಪೋದಂಥ ಹೊರಗಿನ ಅಳತೆಗೋಲಿಗೆ ಕಟ್ಟುಬಿದ್ದವು. 2025ರ ಫೆಬ್ರವರಿಯಿಂದ ಜೂನ್ ಒಳಗೆ ರೆಪೋ ಶೇ. 6.5ರಿಂದ 5.5ಕ್ಕೆ ಇಳಿಯಿತು. ಮೇಲಿನ ಲೆಕ್ಕದ ಪ್ರಕಾರ ಇದಕ್ಕೆ ತಕ್ಕಂತೆ ಭೋಗ್ಯದ ಮೊತ್ತ ಮೇಲೇರಬೇಕು. ನಿಮ್ಮ ಬೀದಿಯ ಗೇಟುಗಳಲ್ಲಿ ಈಗ ಎಷ್ಟು ಕೇಳುತ್ತಿದ್ದಾರೆ? ಹಾಗೇ, ಮೈಸೂರು ಕಡೆಯ ಈ ಭೋಗ್ಯಕ್ಕೆ ಧಾರವಾಡ, ಮಂಗಳೂರು ಕಡೆ ಏನನ್ನುತ್ತಾರೆ, ಬಲ್ಲವರು ತಿಳಿಸಿ.