ನೀಲಗಿರಿ ಎಣ್ಣೆಯೂ ಉಷ್ಣಮಾಪಕವೂ

ನೆಗಡಿಯಾದರೆ ಕರವಸ್ತ್ರಕ್ಕೆ ಎರಡು ತೊಟ್ಟು ನೀಲಗಿರಿ ಎಣ್ಣೆ ಹಾಕಿಕೊಳ್ಳುವುದು ನಮ್ಮ ಮನೆಗಳ ಹಳೆಯ ವಾಡಿಕೆ. ಮೂಗಿಗೆ ಘಾಟು ಹತ್ತಿದರೆ ಎಣ್ಣೆ ಅಸಲಿಯೆಂದು ನಂಬುತ್ತೇವೆ. ಆದರೆ ಈ ವಿಷಯದಲ್ಲಿ ಮೂಗಿನ ತೀರ್ಪು ಸಾಲದು. ಬಹುಕಾಲ ಈ ಎಣ್ಣೆಯ ಯೋಗ್ಯತೆಯನ್ನು ನಿರ್ಣಯಿಸಿದ್ದು ಒಂದು ಗಾಜಿನ ನಳಿಕೆ, ಒಂದು ಉಷ್ಣಮಾಪಕ, ಮತ್ತು ದ್ರವವು ಹೆಪ್ಪುಗಟ್ಟುವ ಒಂದು ಕ್ಷಣ.

ಕೃಷ್ಣರಾಜನಗರದ ನಾಲೆಯ ಗದ್ದೆಗಳನ್ನು ದಾಟಿ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಕಡೆ ಹೊರಟವರಿಗೆ ಮಳೆಯಾಧಾರದ ಕೆಂಪು ನೆಲ, ಹೊಗೆಸೊಪ್ಪಿನ ಹೊಲ, ಅಲ್ಲಲ್ಲಿ ನೀಲಗಿರಿ ತೋಪು ಕಣ್ಣಿಗೆ ಬೀಳುತ್ತವೆ. ಹೆಸರು ನಮ್ಮ ನೆರೆಯ ಬೆಟ್ಟದ್ದು. ಮರ ಮಾತ್ರ ಆಸ್ಟ್ರೇಲಿಯದ್ದು. 1790ರ ಸುಮಾರಿಗೆ ಟೀಪು ಸುಲ್ತಾನನು ಅದನ್ನು ನಂದಿಬೆಟ್ಟಕ್ಕೆ ತರಿಸಿದನೆಂದು ಹೇಳುತ್ತಾರೆ. 1843ರಲ್ಲಿ ಕ್ಯಾಪ್ಟನ್ ಕಾಟನ್ ಉದಕಮಂಡಲದಲ್ಲಿ ಅದರ ಸಸಿಗಳನ್ನು ನೆಡಿಸಿದನು. ನಮ್ಮ ಮೈದಾನಕ್ಕೆ ಹೊಂದಿಕೊಂಡ ‘ಮೈಸೂರು ಗಮ್’ ಎಂಬ ಬಗೆಯನ್ನು 1950ರ ದಶಕದಿಂದ ಹೇರಳವಾಗಿ ಬೆಳೆಸಲಾಯಿತು.

ಹೆಸರು ಒಂದೇ ಆದರೂ ಮರ ಒಂದೇ ಅಲ್ಲ. ಬೆಟ್ಟದ ತಂಪಿನಲ್ಲಿ ಬೆಳೆಯುವ ಮರದ ಎಲೆಯಿಂದ ಔಷಧಕ್ಕೆ ಸಲ್ಲುವ ಎಣ್ಣೆ ಬರುತ್ತದೆ. ಮೈದಾನದ ಮರವನ್ನು ಮುಖ್ಯವಾಗಿ ಬೆಳೆಸಿದ್ದು ಸೌದೆ, ಕಂಬ, ಕಾಗದದ ತಿರುಳಿಗಾಗಿ. ನಿಂಬೆಯ ವಾಸನೆಯ ಮೂರನೆಯ ಜಾತಿಯೂ ಉಂಟು. ಅದರ ಎಣ್ಣೆ ಸುಗಂಧಕ್ಕೆ ಸೈ, ನೆಗಡಿಯ ಔಷಧಕ್ಕೆ ಅಲ್ಲ. ಇವೆಲ್ಲದರ ಎಣ್ಣೆಯೂ ‘ನೀಲಗಿರಿ ಎಣ್ಣೆ’ಯೇ ಆಗಿಬಿಟ್ಟರೆ, ಅದಕ್ಕೆ ಟರ್ಪೆಂಟೈನು ಬೇರೆ ಬೆರೆತರೆ, ರೋಗಿಯ ಗತಿಯೇನು?

ಔಷಧದ ಗುಣವಿರುವುದು ಎಣ್ಣೆಯೊಳಗಿನ ಒಂದು ವಸ್ತುವಿನಲ್ಲಿ. ಫ್ರಾನ್ಸಿನ ಕ್ಲೊಯೆ 1870ರಲ್ಲಿ ಅದಕ್ಕೆ ‘ಯೂಕಲಿಪ್ಟಾಲ್’ ಎಂದು ಹೆಸರಿಟ್ಟನು. ರಸಾಯನಜ್ಞರು ಈಗ ‘ಸಿನಿಯೋಲ್’ ಎನ್ನುತ್ತಾರೆ. ಎಣ್ಣೆಯಲ್ಲಿ ಅದು ಎಷ್ಟಿದೆಯೆಂದು ತಿಳಿಯುವುದೇ ಪ್ರಶ್ನೆ. ಶುದ್ಧ ಸಿನಿಯೋಲ್ ಹೆಪ್ಪುಗಟ್ಟುವುದು 1 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿ. ನಮ್ಮ ಸೆಖೆಯ ನಾಡಿನಲ್ಲಿ ಆ ಪರೀಕ್ಷೆಗೆ ಮಂಜುಗಡ್ಡೆ ಬೇಕು. ಇದಕ್ಕೊಂದು ಜಾಣ ಉಪಾಯವನ್ನು 1920ರ ಸುಮಾರಿಗೆ ಇಂಗ್ಲೆಂಡಿನ ಕಾಕಿಂಗ್ ಎಂಬಾತ ಹೂಡಿದನು. ಸಿನಿಯೋಲ್ ಆರ್ಥೊಕ್ರೆಸಾಲ್ ಎಂಬ ರಾಸಾಯನಿಕದೊಡನೆ ಒಂದಕ್ಕೊಂದರಂತೆ ಜೊತೆಗೂಡಿ ಹರಳಾಗುತ್ತದೆ. ಆ ಹರಳು ಗಟ್ಟಿಯಾಗುವುದು 55.2 ಡಿಗ್ರಿಯಲ್ಲಿ. ಮಂಜಿನ ಹಂಗೇ ಇಲ್ಲ!

ಎಣ್ಣೆಯಲ್ಲಿ ಬೇರೆ ದ್ರವ್ಯಗಳು ಬೆರೆತಷ್ಟೂ ಈ ಅಂಕಿ ಇಳಿಯುತ್ತದೆ. ಇದು ಹಳೆಯ ನಿಯಮವೇ. ಐಸ್‌ಕ್ರೀಮಿನ ಡಬ್ಬಿಯ ಸುತ್ತ ಮಂಜುಗಡ್ಡೆಗೆ ಉಪ್ಪು ಸುರಿಯುವುದು ಏತಕ್ಕೆಂದು ಗೃಹಿಣಿಯರು ಬಲ್ಲರು. ಉಪ್ಪು ಕರಗಿದಷ್ಟೂ ನೀರಿನ ಹೆಪ್ಪುಗಟ್ಟುವ ಬಿಂದು ಕೆಳಗಿಳಿಯುವುದನ್ನು ಬ್ಲಾಗ್ಡೆನ್ 1788ರಲ್ಲೇ ಅಳೆದಿದ್ದನು; 1882ರಲ್ಲಿ ರಾಊಲ್ ಅದನ್ನು ಇತರ ಪದಾರ್ಥಗಳಿಗೂ ವಿಸ್ತರಿಸಿದನು.

ಪರೀಕ್ಷೆಯ ಕ್ರಮ ಹೀಗೆ: ತೇವವಿಲ್ಲದ 3 ಗ್ರಾಂ ಎಣ್ಣೆಗೆ, ಕರಗಿಸಿದ 2.1 ಗ್ರಾಂ ಆರ್ಥೊಕ್ರೆಸಾಲ್ ಸೇರಿಸಬೇಕು. ಉಷ್ಣಮಾಪಕದಿಂದ ಕಲಕುತ್ತಿದ್ದರೆ ಮಿಶ್ರಣ ಹರಳುಗಟ್ಟುತ್ತದೆ. ಆಗ ಪಾದರಸ ಏರಿದ ಅತ್ಯುಚ್ಚ ಮಟ್ಟವನ್ನು ಬರೆದುಕೊಂಡು, ಮತ್ತೆ ಬಿಸಿಮಾಡಿ ಕರಗಿಸಿ, ಹೊರಗಿನ ಗಾಳಿ ತಾಗದಂತೆ ಇನ್ನೊಂದು ಪಾತ್ರೆಯೊಳಗೆ ನಳಿಕೆಯನ್ನು ಇಳಿಬಿಟ್ಟು ಮೆಲ್ಲಗೆ ಆರಗೊಡಬೇಕು. ಎರಡು ಸಲದ ಅಂಕಿಗಳು ಒಂದಕ್ಕೊಂದು ಹೊಂದುವವರೆಗೂ ಈ ಕೆಲಸ ಬಿಡುವಂತಿಲ್ಲ. 55.2 ಬಂದರೆ ಎಲ್ಲವೂ ಸಿನಿಯೋಲ್. 24 ಬಂದರೆ ಸುಮಾರು ಶೇಕಡ 46 ಮಾತ್ರ.

ಇಲ್ಲಿ ಅವಸರದವನು ಮೋಸಹೋಗುವ ಒಂದು ತಿರುವಿದೆ. ದ್ರವವು ಹೆಪ್ಪುಗಟ್ಟಬೇಕಾದ ಬಿಂದುವಿಗಿಂತ ತಣ್ಣಗಾದರೂ ದ್ರವವಾಗಿಯೇ ಉಳಿಯಬಲ್ಲದು. ನೀರು ಹೀಗೆ ಮಾಡುವುದನ್ನು ಫ್ಯಾರನ್‌ಹೀಟ್ 1724ರಲ್ಲಿ ಪ್ರಕಟಿಸಿದನು. ಉಷ್ಣಮಾಪಕದಿಂದ ನಳಿಕೆಯ ಒಳಗೋಡೆಯನ್ನು ಉಜ್ಜಿದರೆ ಹರಳು ಥಟ್ಟನೆ ಮೂಡಿ, ಅಡಗಿದ್ದ ಶಾಖ ಹೊರಬಿದ್ದು ಪಾದರಸ ಮೇಲೇರುತ್ತದೆ. ಇಳಿಯುತ್ತಿದ್ದ ಅಂಕಿಯಲ್ಲ, ಹೀಗೆ ಏರಿ ನಿಂತ ಅಂಕಿಯೇ ನಿಜವಾದದ್ದು.

ಈಗ ಅನೇಕ ಪ್ರಯೋಗಶಾಲೆಗಳಲ್ಲಿ ಈ ಕೆಲಸವನ್ನು ಗ್ಯಾಸ್ ಕ್ರೊಮಟೋಗ್ರಾಫ್ ಎಂಬ ಯಂತ್ರ ಮಾಡುತ್ತದೆ. ಎಣ್ಣೆಯ ಒಂದೊಂದು ಅಂಶವನ್ನೂ ಬೇರೆಬೇರೆಯಾಗಿ ಲೆಕ್ಕ ಕೊಡುತ್ತದೆ. ಯೂರೋಪಿನ ಔಷಧಕೋಶ ಸಿನಿಯೋಲ್ ಶೇಕಡ 70ಕ್ಕೆ ಕಡಿಮೆಯಿರಬಾರದೆನ್ನುತ್ತದೆ. ಆದರೂ ಆ ನಳಿಕೆಯ ಪರೀಕ್ಷೆ ಮಾಡಿದ ಉಪಕಾರ ಸಣ್ಣದಲ್ಲ. ಎಲೆ ಬೇಯಿಸಿ ಎಣ್ಣೆ ಇಳಿಸುವವನಿಗೂ ಅದನ್ನು ಕೊಳ್ಳುವ ವರ್ತಕನಿಗೂ ನಡುವೆ ‘ನನ್ನ ಮೂಗು, ನಿನ್ನ ಮೂಗು’ ಎಂಬ ಜಗಳಕ್ಕೆ ಅದು ಎಡೆಗೊಡಲಿಲ್ಲ. ದೊಡ್ಡ ಯಂತ್ರವಿಲ್ಲದ ಊರಿನಲ್ಲಿಯೂ, ತಾಳ್ಮೆಯುಳ್ಳ ಯಾವನಾದರೂ, ಸೀಸೆಯ ಮೇಲಿನ ಚೀಟಿ ಹೇಳುವುದು ನಿಜವೋ ಸುಳ್ಳೋ ಎಂದು ತಾನೇ ನೋಡಿ ತಿಳಿಯಬಹುದಾಗಿತ್ತು.