ಕಚೇರಿಗಳಿಗೆ ನಾಗರಿಕರು ಕೊಟ್ಟ ಅಂಕ

ಶೃಂಗೇರಿ ಬಳಿಯ ಮೆಣಸೆಯಂಥ ಊರಿನಲ್ಲಿ ಯಾರ ಮನೆ ಬಾವಿ ಬತ್ತಿತು, ಯಾವ ಕೇರಿಗೆ ಕರೆಂಟಿಲ್ಲ ಎಂದು ತಿಳಿಯಲು ಸಮೀಕ್ಷೆ ಬೇಕಿಲ್ಲ; ಅಂಗಡಿ ಜಗಲಿಯಲ್ಲಿ ಅರ್ಧ ಗಂಟೆ ಕುಳಿತರೆ ಸಾಕು. ಬೆಂಗಳೂರಿನಲ್ಲಿ ಪಕ್ಕದ ಬೀದಿಯ ನಲ್ಲಿಯ ಸಂಗತಿಯೂ ಗೊತ್ತಿರುವುದಿಲ್ಲ. ಅಲ್ಲಿ ಬಡಾವಣೆಯ ಬದುಕನ್ನು ಅರಿಯಲು ಅಂಕಿ-ಅಂಶಗಳೇ ಗತಿ.

ಆ ನಗರ ತನ್ನ ಬೀದಿಗಳತ್ತ ಕಣ್ಣು ಹಾಯಿಸುವಂತೆ ಮಾಡಿದ್ದು 1898ರ ಪ್ಲೇಗು. ಗಾಳಿ ಬೆಳಕಿಲ್ಲದ ಪೇಟೆಯ ಕಿಷ್ಕಿಂಧೆಯಿಂದ ಜನ ಮಲ್ಲೇಶ್ವರ, ಬಸವನಗುಡಿಗಳತ್ತ ಸರಿದರು. ದಂಡು ಪ್ರದೇಶದಲ್ಲಿ 1910ರಲ್ಲಿ ಫ್ರೇಜರ್ ಟೌನ್ ಎದ್ದಿತು. ಪ್ಲೇಗು ನುಸುಳದಂತೆ ಬಡಾವಣೆ ಕಟ್ಟುವ ಬಗೆಯನ್ನು ಕುರಿತು ಎಂಜಿನಿಯರ್ ಜೆ.ಎಚ್. ಸ್ಟೀಫನ್ಸ್ 1914ರಲ್ಲಿ ಪುಸ್ತಕವನ್ನೇ ಬರೆದರು. ಆದರೆ ಆಗೆಲ್ಲ ಅಳೆಯುತ್ತಿದ್ದವರು ಸರ್ಕಾರದವರು. ಮನೆ, ಚರಂಡಿ, ಸಾವುಗಳ ಲೆಕ್ಕ ಇಡುತ್ತಿದ್ದರೇ ಹೊರತು ಸರ್ಕಾರದ ಕೆಲಸ ಹೇಗಿದೆ ಎಂದು ಮನೆಯವರನ್ನು ಕೇಳುವ ಪದ್ಧತಿ ಇರಲಿಲ್ಲ.

ಅದನ್ನು ತಿರುವುಮುರುವು ಮಾಡಿದವರು ಅಹಮದಾಬಾದಿನ ಐಐಎಂ ನಿರ್ದೇಶಕರಾಗಿದ್ದ ಸ್ಯಾಮ್ಯುಯೆಲ್ ಪಾಲ್. 1993-94ರಲ್ಲಿ ಬೆಂಗಳೂರಿನ ಸಾವಿರಕ್ಕೂ ಹೆಚ್ಚು ಮನೆಗಳಿಗೆ ಸಮೀಕ್ಷಕರು ಹೋದರು. ಕೆಲಸ ಆಯಿತೇ? ಎಷ್ಟು ಸಲ ಅಲೆದಿರಿ? ಲಂಚ ಕೊಟ್ಟಿರಾ? ಉತ್ತರಗಳನ್ನು ಒಟ್ಟುಗೂಡಿಸಿ, ಶಾಲಾ ಮಕ್ಕಳಿಗೆ ಕೊಡುವಂತೆ ಕಚೇರಿಗಳಿಗೆ ಅಂಕಪಟ್ಟಿ ಸಿದ್ಧಪಡಿಸಿದರು.

ಅಂಕಗಳನ್ನು ನೋಡಿ: ತೃಪ್ತರಾದವರು ಮಹಾನಗರ ಪಾಲಿಕೆಯಲ್ಲಿ ಶೇ 5, ಜಲಮಂಡಳಿಯಲ್ಲಿ ಶೇ 4, ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದಲ್ಲಿ ಬರೀ ಶೇ 1. (ಇಂಥ ಅಂಕಪಟ್ಟಿಗೆ ಅಪ್ಪನ ಸಹಿ ಹಾಕಿಸುವ ಧೈರ್ಯ ಯಾವ ಹುಡುಗನಿಗಿದ್ದೀತು!) ಅಂಕಗಳು ಪತ್ರಿಕೆಗಳಲ್ಲಿ ಅಚ್ಚಾದವು. ಎಲ್ಲರಿಗಿಂತ ಹಿಂದೆ ಬಿದ್ದ ಪ್ರಾಧಿಕಾರವೇ ಮೊದಲು ಪಾಲ್ ಅವರನ್ನು ಸಲಹೆಗೆ ಕರೆದದ್ದು ಸ್ವಾರಸ್ಯ.

1999ರ ಎರಡನೇ ಪಟ್ಟಿಯಲ್ಲಿ ಸುಧಾರಣೆ ಭಾಗಶಃ ಮಾತ್ರ ಕಂಡಿತು. 2003ರ ಹೊತ್ತಿಗೆ ಪ್ರಾಧಿಕಾರ ಶೇ 85ಕ್ಕೆ, ಪಾಲಿಕೆ ಶೇ 73ಕ್ಕೆ ಏರಿದ್ದವು. ಯಶಸ್ಸೆಲ್ಲ ಅಂಕಪಟ್ಟಿಯದೇ ಎನ್ನಲಾಗದು. ಎಸ್.ಎಂ. ಕೃಷ್ಣ ಸರ್ಕಾರ ನೇಮಿಸಿದ ಬೆಂಗಳೂರು ಅಜೆಂಡಾ ಕಾರ್ಯಪಡೆ, ಆಸ್ತಿ ತೆರಿಗೆಯನ್ನು ಮಾಲೀಕರೇ ಲೆಕ್ಕ ಹಾಕಿ ಕಟ್ಟುವ ಪದ್ಧತಿ ಬಂದದ್ದೂ ಅದೇ ಅವಧಿಯಲ್ಲಿ. ತೃಪ್ತಿ ಎಂಬುದೂ ಜಾರುವ ಅಳತೆಗೋಲು. ವಾರಕ್ಕೊಮ್ಮೆ ನೀರು ಕಂಡವನಿಗೆ ಎರಡು ದಿನಕ್ಕೊಮ್ಮೆ ಬಂದರೂ ಹಬ್ಬ. ಮೊದಲ ಸಮೀಕ್ಷೆಯಲ್ಲೇ ಕೊಳೆಗೇರಿಯವರ ಉತ್ತರಗಳನ್ನು ಬೇರೆಯಾಗಿ ಇಟ್ಟಿದ್ದು ಜಾಣತನ. ಇಲ್ಲವಾದರೆ ಸರಾಸರಿಯಲ್ಲಿ ಅವರ ದನಿ ಮುಳುಗಿಹೋಗುತ್ತಿತ್ತು.

2025ರ ಸೆಪ್ಟೆಂಬರಿನಲ್ಲಿ ಬೆಂಗಳೂರು ಐದು ಪಾಲಿಕೆಗಳಾಗಿ ಒಡೆದು, ವಾರ್ಡುಗಳ ಗಡಿಗಳೂ ಬದಲಾದವು. ಹಳೆಯ ವಾರ್ಡಿನ ಅಂಕಗಳನ್ನು ಹೊಸದರ ಪಕ್ಕದಲ್ಲಿಟ್ಟು ನೋಡಬೇಕಾದರೆ ಬೀದಿ ಬೀದಿಯ ಲೆಕ್ಕವನ್ನೂ ಮತ್ತೆ ಕೂಡಿಸಬೇಕು.